ಸಕ್ಕರೆ ಕಾಯಿಲೆಗೆ ಅಂತ ಕೊಟ್ಟ ರಕ್ತ ಬೇರೆ ಸಂಶೋಧನೆಗೆ ಹೋಗಬಹುದಾ?

ಮಾಲತಿ: ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ತಳದಲ್ಲಿ ಹವಾಸುಪಾಯಿ ಅನ್ನೋ ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ ಜಾಸ್ತಿ. ಅದಕ್ಕೆ ಕಾರಣ ಹುಡುಕ್ತೀವಿ ಅಂತ 1990ರಿಂದ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವರು ಸುಮಾರು 200 ಜನರ ರಕ್ತ ತಗೊಂಡರು. ಆಮೇಲೆ ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಒಳಸಂಬಂಧ (ಹತ್ತಿರದ ರಕ್ತಸಂಬಂಧಿಗಳಲ್ಲೇ ಮಕ್ಕಳಾಗೋದು), ಪೂರ್ವಜರ ವಲಸೆ ಎಲ್ಲದರ ಅಧ್ಯಯನವೂ ನಡೆಯಿತು. ನನ್ನ ಪ್ರಕಾರ ಇದು ನಂಬಿಸಿ ಮಾಡಿದ ಮೋಸ.

ಗಿರೀಶ್: ಮೋಸ ಅನ್ನೋದು ದೊಡ್ಡ ಮಾತು. ಅವರು ಸಹಿ ಹಾಕಿದ ಫಾರ್ಮ್‌ನಲ್ಲಿ ನಡವಳಿಕೆಯ ಮತ್ತು ಆರೋಗ್ಯದ ತೊಂದರೆಗಳ ಕಾರಣ ತಿಳಿಯೋಕೆ ಅಂತಲೇ ಇತ್ತು. ಸ್ಕಿಜೋಫ್ರೇನಿಯಾ ಅದರೊಳಗೆ ಬರುತ್ತೆ ಅಲ್ವಾ? ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಪ್ರತಿ ಹೊಸ ಪ್ರಶ್ನೆಗೂ ಮತ್ತೆ ಹೋಗಿ ರಕ್ತ ಕೇಳಬೇಕು ಅಂದರೆ ಎಷ್ಟೋ ಕೆಲಸ ಅಲ್ಲಿಗೇ ನಿಲ್ಲುತ್ತೆ.

ಶಾಂತಾ: ಫಾರ್ಮ್ ಇದ್ದದ್ದು ಇಂಗ್ಲಿಷ್‌ನಲ್ಲಿ. ಅಲ್ಲಿ ಬಹಳ ಜನಕ್ಕೆ ಅದು ಎರಡನೇ ಭಾಷೆ. ಎದುರಿಗೆ ಕೂತು ಹೇಳಿದ್ದು ಸಕ್ಕರೆ ಕಾಯಿಲೆಯ ವಿಷಯ, ಜನ ನಂಬಿ ತೋಳು ಚಾಚಿದ್ದು ಆ ಮಾತಿಗೆ. ಮತ್ತೆ ವಲಸೆ ಯಾವ ಕಾಯಿಲೆ ಗಿರೀಶ್? ತಾವು ಆ ಕಮರಿಯಲ್ಲೇ ಹುಟ್ಟಿದವರು ಅಂತ ಅವರ ನಂಬಿಕೆ. ಆ ನೆಲದ ಮೇಲಿನ ಹಕ್ಕಿಗೂ ಅದೇ ಬುಡ ಅಂತಾರೆ. ಅವರದೇ ರಕ್ತ ಇಟ್ಟುಕೊಂಡು ನೀವು ಏಷ್ಯಾದಿಂದ ಬಂದವರು ಅಂದರೆ ಹೊಟ್ಟೆ ಉರಿಯಲ್ವಾ?

ಗಿರೀಶ್: ವಲಸೆ ಆ ಫಾರ್ಮ್‌ಗೆ ಸೇರಲ್ಲ, ಸರಿ. ಆದರೆ ನೋವಾಗುತ್ತೆ ಅಂತ ಕಂಡದ್ದನ್ನು ಮುಚ್ಚಿಡಬೇಕಾ?

ಮಾಲತಿ: ಮುಚ್ಚಿಡಿ ಅಂತ ಯಾರು ಹೇಳಿದರು? ಮೊದಲು ಕೇಳಿ ಅಂತಿದ್ದೇವೆ. 2003ರಲ್ಲಿ ಕಾರ್ಲೆಟಾ ಟಿಲೂಸಿ ಅನ್ನೋ ಹವಾಸುಪಾಯಿ ಮಹಿಳೆ ಅದೇ ಯೂನಿವರ್ಸಿಟಿಯಲ್ಲಿ ಒಂದು ಪಿಎಚ್‌ಡಿ ಪ್ರಬಂಧದ ಮಂಡನೆಗೆ ಹೋಗಿ ಕೂತಿದ್ದರು. ತಮ್ಮವರ ರಕ್ತ ಬಳಸಿದ್ದು ಗೊತ್ತಾಗಿ, ಇದಕ್ಕೆ ಅನುಮತಿ ಇತ್ತಾ ಅಂತ ಅಲ್ಲೇ ಕೇಳಿದರು. ವಿಷಯ ಹೊರಗೆ ಬಂದದ್ದು ಹೀಗೆ.

ಇಕ್ಬಾಲ್: ಕಾನೂನಿನ ಕಡೆಯಿಂದ ನನಗೆ ಬೇಸರ ಏನಂದರೆ, ಆಮೇಲೆ ಬುಡಕಟ್ಟಿನವರು ಯೂನಿವರ್ಸಿಟಿ ಮೇಲೆ ಹಾಕಿದ ಕೇಸು ರಾಜಿಯಲ್ಲಿ ಮುಗಿಯಿತು. 2010ರಲ್ಲಿ ಯೂನಿವರ್ಸಿಟಿ 41 ಜನಕ್ಕೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತ ವಾಪಸ್ ಮಾಡಿತು. ಒಪ್ಪಿಗೆಯ ಗೆರೆ ಎಲ್ಲಿದೆ ಅಂತ ಕೋರ್ಟ್ ಹೇಳಲೇ ಇಲ್ಲ.

ಗಿರೀಶ್: ಹಾಗಾದರೆ ಫಾರ್ಮ್‌ನಲ್ಲೇ ಆಯ್ಕೆ ಕೊಡಲಿ. ಈ ಕಾಯಿಲೆಗೆ ಮಾತ್ರ, ಯಾವುದಕ್ಕಾದರೂ ಸರಿ, ಪ್ರತಿ ಸಲ ನನ್ನನ್ನು ಕೇಳಿ.

ಶಾಂತಾ: ಅಷ್ಟು ಸಾಲದು. ನಾಲ್ಕು ಜನ ಹೂಂ ಅಂದರೂ ಫಲಿತಾಂಶ ಬರೋದು ಇಡೀ ಬುಡಕಟ್ಟಿನ ತಲೆಗೆ. ಬುಡಕಟ್ಟಿನ ಆಡಳಿತ ನಡೆಸೋ ಕೌನ್ಸಿಲ್ಲೂ ಒಪ್ಪಬೇಕು. ಅಮೆರಿಕದ ಇನ್ನೊಂದು ಬುಡಕಟ್ಟಾದ ನವಾಹೊ ಜನ 2002ರಲ್ಲೇ ತಮ್ಮಲ್ಲಿ ಜೆನೆಟಿಕ್ ಸಂಶೋಧನೆಯನ್ನು ತಡೆಹಿಡಿದಿದ್ದರು.

ಗಿರೀಶ್: ಕೌನ್ಸಿಲ್ ಬೇಡ ಅಂದಾಗ ಒಬ್ಬ ರೋಗಿ ತಾನಾಗಿ ಕೊಡ್ತೀನಿ ಅಂದರೆ?

ಶಾಂತಾ: ಕೊಡಲಿ, ಅವನ ರಕ್ತ ಅವನದು. ಬುಡಕಟ್ಟಿನ ಹೆಸರು ಮಾತ್ರ ಎಲ್ಲೂ ಬರೆಯೋ ಹಾಗಿಲ್ಲ.