ಮಾರ್ಸೇಯ್‌ನ ‘ಹಳದಿ 14’: ಡೆಕಾಲ್ ಸುತ್ತ ಬಿಳಿ ಹೊಳಪು, ರಡ್ಡರ್ ಗೊಂದಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 1/48 ಅಳತೆಯ ಮೆಸ್ಸರ್‌ಶ್ಮಿಟ್ ಬಿಎಫ್ 109 ಎಫ್-4/ಟ್ರಾಪ್ (ಬಿಸಿ ಪ್ರದೇಶಕ್ಕೆಂದು ಮಾರ್ಪಡಿಸಿದ ಜರ್ಮನ್ ಯುದ್ಧವಿಮಾನ) ಮಾದರಿ ಕಟ್ಟುತ್ತಿದ್ದೇನೆ. ಎರಡನೇ ಮಹಾಯುದ್ಧದ ಜರ್ಮನ್ ಪೈಲಟ್ ಹಾನ್ಸ್-ಯೋಆಕಿಮ್ ಮಾರ್ಸೇಯ್ ಉತ್ತರ ಆಫ್ರಿಕಾದಲ್ಲಿ ಹಾರಿಸಿದ ‘ಹಳದಿ 14’. 14ರ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಒಣಗಿದ ಮೇಲೆ ಸುತ್ತಲೂ ಬಿಳಿಚಿಕೊಂಡು ಹೊಳೆಯುತ್ತಿದೆ. ರಡ್ಡರ್‌ಗೆ (ಬಾಲದಲ್ಲಿ ದಿಕ್ಕು ತಿರುಗಿಸುವ ಫಲಕ) 50, 101, 158 ಗೆಲುವಿನ (ಹೊಡೆದುರುಳಿಸಿದ ವಿಮಾನಗಳ ಲೆಕ್ಕ) ಮೂರು ಡೆಕಾಲ್ ಇವೆ. ನನಗೆ ಅವನು ಸತ್ತ ದಿನದ ವಿಮಾನ ಬೇಕು. 158 ಅಂಟಿಸಲಾ?

ಉತ್ತರ 1:
ಕೆಳಗಿನ ಬಣ್ಣ ಮ್ಯಾಟ್ ಇದೆ ಅಲ್ವಾ? ಅದರ ಮೇಲ್ಮೈ ಒರಟು. ಡೆಕಾಲ್ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಸಣ್ಣ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆದುಗೊಳಿಸುವ ದ್ರಾವಣ ಹಚ್ಚಿ. ಸುಕ್ಕು ಬಂದರೆ ಮುಟ್ಟಬೇಡಿ, ಒಣಗುವಾಗ ಅದೇ ಕೂರುತ್ತದೆ. ಉಳಿದ ಕಡೆ ಮೊದಲು ಗ್ಲಾಸಿ (ಹೊಳಪಿನ) ಕೋಟ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್.

ಉತ್ತರ 2:
158 ಬೇಡ ಸರ್. ಸತ್ತ ದಿನ, ಅಂದರೆ 1942ರ ಸೆಪ್ಟೆಂಬರ್ 30ರಂದು, ಅವನು ಹಾರಿಸಿದ್ದು ಎಫ್-4 ಅಲ್ಲವೇ ಅಲ್ಲ. ಹೊಸದಾಗಿ ಬಂದ ಜಿ-2/ಟ್ರಾಪ್. ಎಂಜಿನ್ ಕೆಟ್ಟು ಕಾಕ್‌ಪಿಟ್ ತುಂಬ ಹೊಗೆ. ಹೊರಗೆ ಹಾರಿದಾಗ ಬಾಲದ ರೆಕ್ಕೆ ಬಡಿಯಿತು, ಪ್ಯಾರಾಚೂಟ್ ಬಿಚ್ಚಲೇ ಇಲ್ಲ. ಈಜಿಪ್ಟಿನ ಸಿದಿ ಅಬ್ದೆಲ್ ರಹಮಾನ್ ಹತ್ತಿರ. ವಯಸ್ಸು 22. ಶತ್ರುವಿನ ಗುಂಡು ಕೊಲ್ಲದವನನ್ನು ಎಂಜಿನ್ ಕೊಂದಿತು.

ಎಫ್-4 ಅನ್ನೇ ಜಿ-2 ಅಂತ ತೋರಿಸೋಕೂ ಆಗಲ್ಲ. ಜಿ-2ರ ಎಂಜಿನ್ ಬೇರೆ, ಮೂಗಿನ ಬಳಿ ಗಾಳಿಗೆ ಪುಟ್ಟ ಕಿಂಡಿಗಳೂ ಇವೆ.

50ನೇ ಗೆಲುವು ಫೆಬ್ರವರಿ 1942ರದ್ದು. 101 ಆದದ್ದು ಅದೇ ವರ್ಷ ಜೂನ್ 17ಕ್ಕೆ. ಆಮೇಲೆ ರಜೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 26ರೊಳಗೆ ಇನ್ನೂ 57! ಸೆಪ್ಟೆಂಬರ್ 1ರಂದು ಒಂದೇ ದಿನ 17. ಇದೆಲ್ಲ ಅವನ ಕಡೆಯವರ ಲೆಕ್ಕ. ಬ್ರಿಟಿಷ್ ದಾಖಲೆ ಜೊತೆ ಇಟ್ಟು ನೋಡಿದವರು ಆ 17ರ ಬಗ್ಗೆ ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಮತ 101ಕ್ಕೆ.

ಪ್ರಶ್ನೆ ಕೇಳಿದವರು:
ಸೂಜಿ ಉಪಾಯ ಫಲಿಸಿತು, ಥ್ಯಾಂಕ್ಸ್. 101 ಹಾಕುತ್ತೇನೆ. ಮರಳು ಫಿಲ್ಟರ್ ಯಾವ ಕಡೆ? ಬಣ್ಣ?

ಉತ್ತರ 2:
ಎಡಗಡೆ, ಪೈಲಟ್ ಕೂತ ದಿಕ್ಕಿನಿಂದ ನೋಡಿದರೆ. ಮೇಲೆ ಆರ್‌ಎಲ್‌ಎಂ (ಆಗಿನ ಜರ್ಮನ್ ವಾಯುಯಾನ ಸಚಿವಾಲಯದ ಬಣ್ಣದ ಸಂಖ್ಯೆ) 79 ಮರಳು ಬಣ್ಣ, ಕೆಳಗೆ 78 ತಿಳಿನೀಲಿ. ದೇಹದ ಹಿಂಭಾಗದ ಬಿಳಿ ಪಟ್ಟಿಯನ್ನು ಡೆಕಾಲ್ ಬದಲು ಮಾಸ್ಕ್ ಹಾಕಿ (ಅಕ್ಕಪಕ್ಕ ಟೇಪ್‌ನಿಂದ ಮುಚ್ಚಿ) ಬಳಿಯಿರಿ, ಜಾಸ್ತಿ ನೀಟಾಗುತ್ತದೆ.