ಮಧುಚಂದ್ರಕ್ಕೆ ಎಲ್ಲವೂ ಸೇರಿದ ರೆಸಾರ್ಟ್: ಹೋಗಿಬಂದವರು ನಿಮ್ಮ ಅನುಭವ ಹೇಳಿ

ದಾವಣಗೆರೆಯ ವಧು

ಏಪ್ರಿಲ್ ಕೊನೆಯ ವಾರ ನಮ್ಮ ಮದುವೆ. ಮೇ ಮೊದಲ ವಾರ ಐದು ದಿನ ಮಧುಚಂದ್ರಕ್ಕೆ ಹೋಗಬೇಕೆಂದಿದ್ದೇವೆ. ವಿಮಾನದ ಟಿಕೆಟ್ ಸಮೇತ ಇಬ್ಬರಿಗೂ ಸೇರಿ ಎರಡೂವರೆ ಲಕ್ಷ ತೆಗೆದಿಟ್ಟಿದ್ದೇವೆ. ಏಜೆಂಟರು ಮಾಲ್ಡೀವ್ಸ್‌ನ ಆಲ್ ಇನ್‌ಕ್ಲೂಸಿವ್ ಪ್ಯಾಕೇಜ್ ತೋರಿಸುತ್ತಿದ್ದಾರೆ. ನಾವಿಬ್ಬರೂ ಸಸ್ಯಾಹಾರಿಗಳು, ಕುಡಿಯುವುದಿಲ್ಲ, ನನ್ನ ಹುಡುಗನಿಗೆ ಈಜು ಬರುವುದಿಲ್ಲ. ನಮ್ಮಂಥವರಿಗೆ ಆಲ್ ಇನ್‌ಕ್ಲೂಸಿವ್ ಲಾಭವೇ, ಹಾಫ್ ಬೋರ್ಡ್ (ಬೆಳಗಿನ ತಿಂಡಿ ಮತ್ತು ಒಂದು ಊಟ ಮಾತ್ರ) ಸಾಕೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ರಾಜಾಜಿನಗರದವಳು

ನಾವು 2025ರ ಜನವರಿಯಲ್ಲಿ ಹೋಗಿದ್ದೆವು. ಆ ಸಂಕಟ ಇನ್ನೂ ಆರಿಲ್ಲ, ಆದ್ದರಿಂದ ಪೈಸೆ ಪೈಸೆಯ ಲೆಕ್ಕ ಬರೆಯುತ್ತೇನೆ.

ನಾಲ್ಕು ರಾತ್ರಿಗೆ 2,38,000 ರೂಪಾಯಿ. ಎರಡು ರಾತ್ರಿ ಬೀಚ್ ವಿಲ್ಲಾ, ಎರಡು ರಾತ್ರಿ ವಾಟರ್ ವಿಲ್ಲಾ, ಊಟ, ಪಾನೀಯ, ದ್ವೀಪಕ್ಕೆ ಒಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ಎಲ್ಲವೂ ಸೇರಿದೆ ಎಂದು ಏಜೆಂಟ್ ಬರೆದುಕೊಟ್ಟಿದ್ದ. ವಿಮಾನದ ಟಿಕೆಟ್ ಬೇರೆ, ಇಬ್ಬರಿಗೆ 41,000. ಮಧ್ಯಾಹ್ನ ಎರಡಕ್ಕೆ ಇಳಿಯಬೇಕಾದ ವಿಮಾನ ಬೆಂಗಳೂರಿನಲ್ಲೇ ಎರಡೂವರೆ ಗಂಟೆ ತಡವಾಯಿತು. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ನಾವು ವಲಸೆ ತಪಾಸಣೆ ಮುಗಿಸಿ ಹೊರಬರುವಷ್ಟರಲ್ಲಿ ಆ ದಿನದ ಕೊನೆಯದು ಹೊರಟಾಗಿತ್ತು. ಮೆಹೆಂದಿ ಮಾಸದ ಕೈಯಲ್ಲಿ ಸಾಮಾನಿನ ಗಾಡಿ ತಳ್ಳಿಕೊಂಡು ವಿಮಾನ ನಿಲ್ದಾಣದ ಪಕ್ಕದ ಹುಲುಮಾಲೆಯ ಹೋಟೆಲ್ ಹುಡುಕಿಕೊಂಡು ಹೋದೆವು. ಅದಕ್ಕೆ 118 ಡಾಲರ್. ಬೀಚ್ ವಿಲ್ಲಾದ ಮೊದಲ ರಾತ್ರಿ ನಮ್ಮ ಪಾಲಿಗೆ ಹೋಯಿತು. ರೆಸಾರ್ಟಿನವರು ಒಂದು ಡಾಲರ್ ಕೂಡ ವಾಪಸು ಕೊಡಲಿಲ್ಲ. ವಿಮಾನ ತಡವಾದರೆ ನಮ್ಮ ಹೊಣೆಯಲ್ಲ ಎಂದರು. ಏಜೆಂಟ್ ಫೋನ್ ತೆಗೆಯಲೇ ಇಲ್ಲ.

ಸೀಪ್ಲೇನಿನಲ್ಲಿ ತಲೆಗೆ 20 ಕಿಲೋ ಸಾಮಾನು, 5 ಕಿಲೋ ಕೈಚೀಲ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ, ಕೊಬ್ಬರಿ ಮಿಠಾಯಿಯ ತೂಕಕ್ಕೂ ಹಣ ಕಟ್ಟಿದೆವು.

ಅಲ್ಲಿ ಪ್ರವಾಸಿಗರು ಕಟ್ಟಬೇಕಾದ ಹಸಿರು ತೆರಿಗೆ, ಏಜೆಂಟನ ಕಾಗದದಲ್ಲಿ 6 ಡಾಲರ್ ಎಂದಿತ್ತು. ಆ ಜನವರಿ 1ರಿಂದಲೇ ರೆಸಾರ್ಟುಗಳಿಗೆ ಅದು ತಲೆಗೆ, ರಾತ್ರಿಗೆ 12 ಡಾಲರ್ ಆಗಿತ್ತು. ಉಳಿದ ಮೂರು ರಾತ್ರಿಗೆ 72 ಡಾಲರ್ ಕೌಂಟರಿನಲ್ಲೇ ತೆತ್ತೆವು. ಪಾನೀಯ ಸೇರಿದೆ ಎಂದರೆ ಬಿಯರ್, ವೈನ್. ನಮ್ಮಿಬ್ಬರಿಗೂ ಅದು ಬೇಡ. ಎಳನೀರು ಪಟ್ಟಿಯಲ್ಲಿರಲಿಲ್ಲ, ಒಂದಕ್ಕೆ 9 ಡಾಲರ್.

ಕೊನೆಯ ದಿನದ ವಿಷಯ ಯಾರೂ ಹೇಳುವುದಿಲ್ಲ. ಮಧ್ಯಾಹ್ನ 12ಕ್ಕೆ ಕೊಠಡಿ ಬಿಟ್ಟ ಕ್ಷಣದಿಂದ ಆಲ್ ಇನ್‌ಕ್ಲೂಸಿವ್ ಮುಗಿಯಿತು. ಸೀಪ್ಲೇನ್ ಎರಡೂವರೆಗೆ. ಹಸಿವೆಯಿಂದ ಎರಡು ಊಟ ಹೇಳಿದೆವು. 90 ಡಾಲರ್, ಅದರ ಮೇಲೆ 10% ಸೇವಾ ಶುಲ್ಕ, ಅದರ ಮೇಲೆ ಆಗಿದ್ದ 16% ತೆರಿಗೆ. ಒಟ್ಟು 114 ಡಾಲರ್ 84 ಸೆಂಟ್. ಅನ್ನ, ಬೇಳೆ ಮತ್ತು ಉಪ್ಪಿಲ್ಲದ ಬೀನ್ಸ್ ಪಲ್ಯಕ್ಕೆ ಸುಮಾರು ಹತ್ತು ಸಾವಿರ ರೂಪಾಯಿ.

ಕುವೆಂಪುನಗರ, ಮೈಸೂರು

ಮೇಲಿನ ಸಹೋದರಿಯ ಲೆಕ್ಕ ಓದಿದೆ. ತಪ್ಪು ಮಾಲ್ಡೀವ್ಸ್‌ನದ್ದಲ್ಲ. ವಿಚಾರಿಸದೆ ಏಜೆಂಟನ ಕೈಗೆ ಹಣ ಕೊಟ್ಟವರದ್ದು. ನಾವು ಅದೇ ವರ್ಷ ಮಾರ್ಚ್‌ನಲ್ಲಿ ಹೋಗಿದ್ದೆವು, ರೆಸಾರ್ಟಿಗಲ್ಲ, ಮಾಫುಶಿ ದ್ವೀಪಕ್ಕೆ. ಅಲ್ಲಿನ ಜನ ವಾಸಿಸುವ ಊರು ಅದು, ಅತಿಥಿಗೃಹಗಳು ಬೇಕಾದಷ್ಟಿವೆ. ಮುಂಜಾನೆಯ ಚಹಾದಿಂದ ಹಿಡಿದು ಎಲ್ಲ ಸೇರಿ ನಾಲ್ಕು ರಾತ್ರಿಗೆ 1,12,000 ರೂಪಾಯಿ, ವಿಮಾನವೂ ಅದರಲ್ಲೇ. ವಿಮಾನ ನಿಲ್ದಾಣದ ಎದುರಿನ ಜೆಟ್ಟಿಯಿಂದಲೇ ಸ್ಪೀಡ್‌ಬೋಟ್, ತಲೆಗೆ 25 ಡಾಲರ್. ರಾಜಧಾನಿ ಮಾಲೆಯಿಂದ ಸರ್ಕಾರಿ ದೋಣಿ ಇನ್ನೂ ಅಗ್ಗ. ಸಣ್ಣ ಅತಿಥಿಗೃಹಗಳಲ್ಲಿ ಹಸಿರು ತೆರಿಗೆಯೂ ಅರ್ಧ, 6 ಡಾಲರ್. ಒಂದು ದಿನ ಪಕ್ಕದ ರೆಸಾರ್ಟಿಗೆ ಡೇ ಪಾಸ್ ತೆಗೆದುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ನೀಲಿ ನೀರಿನಲ್ಲಿ ಇದ್ದೆವು. ನೀರಿಗೆ ಎರಡೂವರೆ ಲಕ್ಷ ಕೊಟ್ಟವರು ಯಾರು, ಕಡಿಮೆ ಕೊಟ್ಟವರು ಯಾರು ಎಂಬುದು ತಿಳಿಯುವುದಿಲ್ಲ.

ಊರಿನ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಗೆ ಬೇರೆ ಬೀಚ್ ಗೊತ್ತುಮಾಡಿರುತ್ತಾರೆ. ನಮಗೆ ಎರಡೂ ತೊಂದರೆಯಾಗಲಿಲ್ಲ.

ರಾಜಾಜಿನಗರದವಳು

ಸೀಪ್ಲೇನ್ ರಾತ್ರಿ ಹಾರುವುದಿಲ್ಲ ಎಂಬುದು ನನಗೆ ಹೊರಡುವ ಮೊದಲೇ ಗೊತ್ತಿತ್ತು. ಅದಕ್ಕಾಗಿಯೇ ಎರಡು ಗಂಟೆಗೆ ಇಳಿಯುವ ವಿಮಾನ ಹಿಡಿದೆ. ವಿಮಾನ ತಡವಾದದ್ದು ನಾನು ವಿಚಾರಿಸದ ತಪ್ಪೇ? ನನ್ನ ಗಂಡನ ಅಕ್ಕ ಮಾಫುಶಿಯಲ್ಲೇ ಇದ್ದುಬಂದಿದ್ದಾರೆ. ಕಿಟಕಿ ತೆರೆದರೆ ಜನರೇಟರ್, ಬೆಳಗಿನ ಜಾವದಿಂದ ದೋಣಿಗಳ ಸದ್ದು. ಜೀವನದಲ್ಲಿ ಒಮ್ಮೆ ಹೋಗುವ ಮಧುಚಂದ್ರಕ್ಕೆ ಏಕಾಂತ ಬಯಸುವುದು ದುಂದುವೆಚ್ಚ ಎಂದು ನೀವು ತೀರ್ಪು ಕೊಡಬೇಡಿ.

ಕುವೆಂಪುನಗರ, ಮೈಸೂರು

ನಾನು ದುಂದುವೆಚ್ಚ ಎನ್ನಲಿಲ್ಲ. ಆ ಪದ ನಿಮ್ಮದು. ನಮ್ಮ ಕೊಠಡಿಯಿಂದ ಜನರೇಟರ್ ಕಾಣುತ್ತಿರಲಿಲ್ಲ, ಸಮುದ್ರವೇ ಕಾಣುತ್ತಿತ್ತು.

ಹುಬ್ಬಳ್ಳಿಯ ಲೆಕ್ಕಪತ್ರದವನು

ಇಬ್ಬರೂ ಜಗಳದಲ್ಲಿ ಟಿಸಿಎಸ್ (ವಿದೇಶ ಪ್ಯಾಕೇಜ್ ಮೇಲೆ ಮುಂಚೆಯೇ ಹಿಡಿಯುವ ಆದಾಯ ತೆರಿಗೆ) ಮರೆತಿದ್ದೀರಿ. ನನ್ನ ಕಥೆ ಕೇಳಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಪ್ಯಾಕೇಜ್ 3,10,000. ಅದರ ಮೇಲೆ ಆಗಿದ್ದ 5% ಎಂದರೆ 15,500 ರೂಪಾಯಿ ಆಗಲೇ ಕಟ್ಟಿಸಿಕೊಂಡರು. ಮಾವನವರು ಪ್ರೀತಿಯಿಂದ, ಇದು ನನ್ನ ಉಡುಗೊರೆ ಎಂದು ತಾವೇ ಹಣ ಕೊಟ್ಟರು. ಬಿಲ್ ಅವರ ಹೆಸರಿನಲ್ಲಿ, ಪ್ಯಾನ್ ಅವರದ್ದು. ಹಾಗಾಗಿ ಆ 15,500 ಅವರ ತೆರಿಗೆ ಖಾತೆಯ ಪಟ್ಟಿಯಾದ 26ಎಎಸ್‌ನಲ್ಲಿ ಕುಳಿತಿತು. ಅವರು ನಿವೃತ್ತ ಶಿಕ್ಷಕರು, ಎಷ್ಟೋ ವರ್ಷಗಳಿಂದ ರಿಟರ್ನ್ ಸಲ್ಲಿಸಿರಲಿಲ್ಲ. ಆ ಹಣಕ್ಕಾಗಿಯೇ ನಾನು ಕುಳಿತು ಅವರ ರಿಟರ್ನ್ ತುಂಬಿದೆ. ಬ್ಯಾಂಕ್ ಖಾತೆಯ ಹೆಸರಿಗೂ ಪ್ಯಾನ್ ಹೆಸರಿಗೂ ಒಂದಕ್ಷರ ವ್ಯತ್ಯಾಸವಿತ್ತು, ಅದನ್ನು ಸರಿಪಡಿಸಲು ಎರಡು ಬಾರಿ ಗದಗಕ್ಕೆ ಹೋಗಿಬಂದೆ. ಹಣ ಬಂದದ್ದು ಮುಂದಿನ ಅಕ್ಟೋಬರ್‌ನಲ್ಲಿ, ಹತ್ತು ತಿಂಗಳ ನಂತರ. ಯಾರ ಪ್ಯಾನ್ ಕೊಡುತ್ತೀರೋ ಅವರಿಗೇ ಹಣ ಮರಳುವುದು. ಬೀಗರು ಕೊಡುತ್ತಾರೆಂದರೆ ಮೊದಲು ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ.

ಕುವೆಂಪುನಗರ, ಮೈಸೂರು

ನಾನು ಟಿಕೆಟ್ ಒಂದು ಕಡೆ, ಕೊಠಡಿ ಇನ್ನೊಂದು ಕಡೆ ಬುಕ್ ಮಾಡಿದೆ. ಒಂದು ರೂಪಾಯಿ ಟಿಸಿಎಸ್ ಕಟ್ಟಲಿಲ್ಲ.

ಹುಬ್ಬಳ್ಳಿಯ ಲೆಕ್ಕಪತ್ರದವನು

ಬೇರೆ ಬೇರೆ ಕಡೆ ಆದರೆ ಮಾತ್ರ ಅದು ಸರಿ. ಒಂದೇ ಸಂಸ್ಥೆಯಿಂದ ಟಿಕೆಟ್ ಮತ್ತು ಕೊಠಡಿ ಎರಡನ್ನೂ ಕೊಂಡರೆ ಅದು ಪ್ಯಾಕೇಜ್ ಆಗುತ್ತದೆ. ಅರ್ಧ ಮಾತು ಹೇಳಿ ಹೊಸಬರನ್ನು ದಾರಿ ತಪ್ಪಿಸಬೇಡಿ.

ಶಿವಮೊಗ್ಗದವನು

ಸಮುದ್ರದ ಮಾತೇ ಆಯಿತು. ಆಲ್ ಇನ್‌ಕ್ಲೂಸಿವ್ ಬೇಕೆಂದರೆ ನಮ್ಮ ಕಬಿನಿಯಲ್ಲೇ ಇದೆ: ವಸತಿ, ಮೂರು ಹೊತ್ತಿನ ಊಟ, ಸಫಾರಿ ಎಲ್ಲ ಒಂದೇ ದರದಲ್ಲಿ. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರು 1980ರ ದಶಕದಿಂದ ಹೀಗೇ ನಡೆಸಿಕೊಂಡು ಬಂದಿದ್ದಾರೆ. ನಮಗೆ ಅಲ್ಲಿ ಕೊಠಡಿ ಸಿಗಲಿಲ್ಲವೆಂದು ಒಂದು ಖಾಸಗಿ ರೆಸಾರ್ಟ್ ಹಿಡಿದೆವು. ರಾತ್ರಿಗೆ 22,500, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 26,550. ಮೂರು ರಾತ್ರಿಗೆ 79,650. ನನ್ನ ಹೆಂಡತಿ ಪ್ರಾಣಿಶಾಸ್ತ್ರ ಓದಿದವಳು. ಕಾಡಿನಲ್ಲಿ ಹುಲಿ ನೋಡಬೇಕೆಂಬುದು ಅವಳ ಹೈಸ್ಕೂಲಿನ ಕಾಲದ ಆಸೆ. ಅದಕ್ಕಾಗಿಯೇ ಬಾಲಿ, ಮಾಲ್ಡೀವ್ಸ್ ಎಲ್ಲ ಬಿಟ್ಟೆವು.

ನಾವು ತಲುಪಿದ್ದು 2025ರ ನವೆಂಬರ್ 8ರಂದು. ಹಿಂದಿನ ದಿನವೇ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿತ್ತು. ರೆಸಾರ್ಟಿನವರು ಫೋನ್ ಮಾಡಿ ತಿಳಿಸಲಿಲ್ಲ. ಆರೂವರೆ ಗಂಟೆ ಕಾರು ಓಡಿಸಿ ಹೋದ ಮೇಲೆ, ಕೈಗೆ ಪಾನಕ ಕೊಟ್ಟು ವಿಷಯ ಹೇಳಿದರು. ಸಫಾರಿಗೆ ಬದಲಾಗಿ ತೆಪ್ಪದಲ್ಲಿ ಒಂದು ಸುತ್ತು, ಆವರಣದೊಳಗೆ ಪಕ್ಷಿ ವೀಕ್ಷಣೆ. ನಾಲ್ಕು ಸಫಾರಿ ಸೇರಿದ ದರ ಅದು. ಹನ್ನೊಂದು ಇಮೇಲ್ ಬರೆದ ಮೇಲೆ 6,000 ರೂಪಾಯಿ ವಾಪಸು ಮಾಡಿದರು. ಅವಳು ಮೂರು ಸಂಜೆಯೂ ಹಿನ್ನೀರಿನ ದಡದಲ್ಲಿ ದುರ್ಬೀನು ಹಿಡಿದು ಸುಮ್ಮನೆ ಕುಳಿತಿದ್ದಳು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಸರಗೂರು

ನಾನು ಮದುವೆಯಾಗಿ ಎಲ್ಲಿಗೂ ಹೋದವನಲ್ಲ, ಮೇಲಿನದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆ ಸಫಾರಿ ಏಕೆ ನಿಂತಿತೆಂದು ಒಂದು ಸಾಲು ಬರೆಯಲು ನಿಮಗೆ ಕೈ ಬರಲಿಲ್ಲವೇ? ಕೆಲವೇ ವಾರಗಳಲ್ಲಿ ನಮ್ಮ ಸುತ್ತಿನಲ್ಲಿ ಮೂವರು ರೈತರನ್ನು ಹುಲಿ ಕೊಂದಿತ್ತು. ಹೊಲಕ್ಕೆ, ದನ ಮೇಯಿಸಲು ಹೋದವರು ಮರಳಲಿಲ್ಲ. ನಾವು ಹತ್ತಿ ಬಿಡಿಸಲು ಗುಂಪು ಕಟ್ಟಿಕೊಂಡು, ತಮಟೆ ಬಡಿಯುತ್ತ ಹೋಗುತ್ತಿದ್ದೆವು. ಮಕ್ಕಳನ್ನು ಶಾಲೆಗೆ ಕಳುಹಿಸಲು ಹೆದರುತ್ತಿದ್ದೆವು. ರಾತ್ರಿ ಇಡೀ ಕಾಡಂಚಿನಲ್ಲಿ ರೆಸಾರ್ಟುಗಳ ದೀಪ, ಹಗಲಿಡೀ ಜೀಪುಗಳ ಓಡಾಟ, ಪ್ರಾಣಿಗಳು ಎಲ್ಲಿಗೆ ಹೋಗಬೇಕು ಎಂದು ರೈತ ಸಂಘದವರು ಕೇಳಿದ್ದು ಅದಕ್ಕೇ. ನಿಮ್ಮ 79,650 ರೂಪಾಯಿಯ ಲೆಕ್ಕ ಬಿಡಿಬಿಡಿಯಾಗಿ ಇದೆ, ಸತ್ತವರ ಲೆಕ್ಕ ಇಲ್ಲ.

ಶಿವಮೊಗ್ಗದವನು

ಅಣ್ಣ, ಸಫಾರಿ ನಿಲ್ಲಿಸಿದ್ದು ತಪ್ಪು ಎಂದು ನಾನು ಎಲ್ಲಿಯೂ ಬರೆದಿಲ್ಲ. ನಿಲ್ಲಿಸಲೇಬೇಕಿತ್ತು. ನನ್ನ ಸಿಟ್ಟು ಸುದ್ದಿ ಗೊತ್ತಿದ್ದೂ ಮುಚ್ಚಿಟ್ಟು, ಕೊಡದ ಸಫಾರಿಗೆ ಹಣ ಹಿಡಿದುಕೊಂಡ ರೆಸಾರ್ಟಿನ ಮೇಲೆ. ಸತ್ತವರ ವಿಷಯ ಬರೆಯದೆ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ.

ಸರಗೂರು

ಆ ರೆಸಾರ್ಟಿನ ಜಾಗವೂ ಒಂದು ಕಾಲದಲ್ಲಿ ಯಾರದೋ ರಾಗಿ ಹೊಲ. ಹಣ ವಾಪಸು ಬರುವವರೆಗೆ ಬಿಡಬೇಡಿ, ಗ್ರಾಹಕರ ವೇದಿಕೆಗೆ ಹೋಗಿ.

ಹೂಸ್ಟನ್‌ನ ಧಾರವಾಡದವಳು

ಆಲ್ ಇನ್‌ಕ್ಲೂಸಿವ್ ಎಂದರೆ ಇಲ್ಲಿನವರಿಗೆ ಮೆಕ್ಸಿಕೋದ ಕ್ಯಾನ್‌ಕೂನ್. ಅಮೆರಿಕದ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಡ, ಹೂಸ್ಟನ್‌ನಿಂದ ಎರಡು ಗಂಟೆಯ ಹಾದಿ. ಅಗ್ಗವೆಂದು ಜೂನ್ ತಿಂಗಳಲ್ಲಿ ಹೋದೆವು. ಚಿತ್ರಗಳಲ್ಲಿ ಬಿಳಿ ಮರಳು. ನಾವು ಕಂಡದ್ದು ಮೊಣಕಾಲುದ್ದ ಬಿದ್ದ ಸರ್ಗಾಸಮ್ ಎಂಬ ಕಂದು ಪಾಚಿ. ಅದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ, ಬಾಲ್ಕನಿಯ ಬಾಗಿಲು ತೆರೆಯಲಾಗಲಿಲ್ಲ. ಟ್ರ್ಯಾಕ್ಟರಿನಿಂದ ಬೆಳಿಗ್ಗೆ ಬಳಿದು ಹಾಕಿದರೆ ಸಂಜೆಗೆ ಮತ್ತೆ ಅಷ್ಟೇ.

ಮೂರು ದಿನ ಅನ್ನದ ಜೊತೆ ಅರೆದ ಹುರುಳಿಯಂಥ ಬೀನ್ಸ್ ಬಡಿಸಿಕೊಂಡು, ಒಳ್ಳೆಯ ಊಟ ಸಿಕ್ಕಿತೆಂದು ಸಂತೋಷದಿಂದ ತಿಂದೆ. ನಾಲ್ಕನೆಯ ದಿನ ಅಡುಗೆಯವರನ್ನು ವಿಚಾರಿಸಿದರೆ ಅದಕ್ಕೆ ಹಾಕುವುದು ಮಾಂಟೆಕಾ, ಹಂದಿಯ ಕೊಬ್ಬು. ನಾನು ಹುಟ್ಟಿದಾಗಿನಿಂದ ಸಸ್ಯಾಹಾರಿ. ಅಲ್ಲೇ ಕುಳಿತು ಅತ್ತುಬಿಟ್ಟೆ. ಇದರ ನಡುವೆ 90 ನಿಮಿಷದ ಸ್ವಾಗತ ಉಪಾಹಾರವೆಂದು ಕರೆದು, ನಾಲ್ಕು ಗಂಟೆ ಕೂರಿಸಿ, ವರ್ಷಕ್ಕೆ ಕೆಲವು ದಿನ ರೆಸಾರ್ಟ್ ಬಳಸುವ ಟೈಮ್‌ಶೇರ್ ಸದಸ್ಯತ್ವ ಮಾರಲು ನೋಡಿದರು. ಹೊಸದಾಗಿ ಮದುವೆಯಾದವರು ಇಲ್ಲ ಎನ್ನಲು ಸಂಕೋಚಪಡುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಮಂಗಳೂರಿನವನು

2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಆಡಿದ ಕೀಳು ಮಾತನ್ನು ಇಷ್ಟು ಬೇಗ ಮರೆತಿರಾ? ನಾವು ಹಟ ಹಿಡಿದು ಲಕ್ಷದ್ವೀಪಕ್ಕೆ ಹೋದೆವು. ಪ್ರವೇಶ ಪರವಾನಗಿಗೆ ಅಲೆದಾಟ ಆಯಿತು, ಕೊಚ್ಚಿಗೆ ಹೋಗಿ ಅಗತ್ತಿಯ ವಿಮಾನ ಹಿಡಿಯಬೇಕಾಯಿತು. ಕೊಠಡಿಯಲ್ಲಿ ಎಸಿ ಎರಡು ರಾತ್ರಿ ಕೆಟ್ಟಿತ್ತು. ಆದರೂ ಆ ನೀರು ನಮ್ಮದು.

ರಾಜಾಜಿನಗರದವಳು

ಆ ಮಾತು ಆಡಿದವರನ್ನು ಅಲ್ಲಿನ ಸರ್ಕಾರವೇ ಅಮಾನತು ಮಾಡಿತು. ನಮಗೆ ಊಟ ಬಡಿಸಿದ ಹುಡುಗ ಏನು ತಪ್ಪು ಮಾಡಿದ್ದ? ಅವನು ಕೇರಳದವನು.

ದಾವಣಗೆರೆಯ ವಧು

ಎಲ್ಲರಿಗೂ ಧನ್ಯವಾದ. ನಮ್ಮ ಮಾವನವರೂ ತಾವೇ ಹಣ ಕಟ್ಟುತ್ತೇವೆ ಎಂದಿದ್ದರು, ಪ್ಯಾನ್ ವಿಷಯ ಇವತ್ತೇ ಮಾತನಾಡುತ್ತೇನೆ. ಆದರೆ ಕುಡಿಯದ ಸಸ್ಯಾಹಾರಿಗಳಿಗೆ ಯಾವ ಊಟದ ಪ್ಲಾನ್ ಎಂಬುದು ಇನ್ನೂ ತಿಳಿಯಲಿಲ್ಲ. ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಲ್ಲಿ ಮಳೆ ಇರುತ್ತದೆಯೇ?

ಉಡುಪಿಯವಳು

ನಾವು ಹೋದದ್ದೂ ಮೇ ತಿಂಗಳಲ್ಲೇ. ಅಲ್ಲಿಯೂ ನೈಋತ್ಯ ಮಾನ್ಸೂನ್ ಆಗಲೇ ಶುರುವಾಗುತ್ತದೆ, ಅದಕ್ಕೇ ದರ ಇಳಿದಿರುತ್ತದೆ. ಐದರಲ್ಲಿ ಎರಡು ದಿನ ಗಾಳಿ ಮಳೆ, ಮೂರು ದಿನ ಒಳ್ಳೆಯ ಬಿಸಿಲು. ನನ್ನ ಗಂಡನಿಗೂ ಈಜು ಬರುವುದಿಲ್ಲ. ದಡದಿಂದಲೇ ಆಳವಿಲ್ಲದ ಲಗೂನ್ ಇರುವ ದ್ವೀಪ ಕೇಳಿ ಪಡೆದೆವು, ಸೊಂಟದ ಮಟ್ಟದ ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಮೀನು ನೋಡಿದರು. ಸೀಪ್ಲೇನ್ ಬೇಡವೆಂದು ಸ್ಪೀಡ್‌ಬೋಟಿನಲ್ಲಿ ಹೋಗಬಹುದಾದ ದ್ವೀಪವನ್ನೇ ಆರಿಸಿದೆವು, ರಾತ್ರಿ ಒಂಬತ್ತಕ್ಕೆ ಇಳಿದರೂ ಕರೆದೊಯ್ದರು.

ಕುಡಿಯದವರು ಆಲ್ ಇನ್‌ಕ್ಲೂಸಿವ್‌ಗೆ ಕೊಡುವ ಹೆಚ್ಚಿನ ಹಣದ ಬಹುಪಾಲು ಮದ್ಯದ್ದು. ಹಾಗೆಂದು ಹಾಫ್ ಬೋರ್ಡ್ ಬೇಡ. ದ್ವೀಪದಲ್ಲಿ ಬೇರೆ ಅಂಗಡಿಯೇ ಇಲ್ಲ, ಮಧ್ಯಾಹ್ನದ ಊಟ ರೆಸಾರ್ಟಿನದ್ದೇ. ಆ ಸಹೋದರಿಯ 114 ಡಾಲರ್ ನಮಗೂ ಒಂದು ದಿನ ಬಿತ್ತು. ಮೂರು ಹೊತ್ತಿನ ಊಟವೂ ಸೇರಿದ ಫುಲ್ ಬೋರ್ಡ್ ಕೇಳಿ, ಕುಡಿಯುವ ನೀರು ಸೇರಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಬೆಳಗಿನ ತಿಂಡಿಗೆ ಟ್ಯೂನಾ ಬೆರೆಸಿದ ಮಸ್ ಹುನಿ ಇಟ್ಟಿರುತ್ತಾರೆ, ನೋಡಲು ತುರಿದ ಕೊಬ್ಬರಿಯಂತೆಯೇ ಇರುತ್ತದೆ. ಕೇಳದೆ ತಟ್ಟೆಗೆ ಹಾಕಿಕೊಳ್ಳಬೇಡಿ. ಹೊರಡುವ ಮೊದಲು 96 ಗಂಟೆಯೊಳಗೆ ಇಮುಗಾ ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ತುಂಬಬೇಕು. ನಾನು ಒಂದೇ ತುಂಬಿ ಬೆಂಗಳೂರಿನ ಕೌಂಟರಿನ ಮುಂದೆ ನಿಂತು ಎರಡನೆಯದನ್ನು ಮೊಬೈಲಿನಲ್ಲಿ ತುಂಬಿದೆ.