ಪರದೆ ಸರಿಸುವ ವಿಮರ್ಶಕರು

ವಿನೈಲ್, ಅಂದರೆ ಗ್ರಾಮಫೋನ್ ರೆಕಾರ್ಡ್, ಹುಚ್ಚಿನವರು ನಾಲ್ಕು ಜನ ಒಂದೆಡೆ ಸೇರಿದರೆ ಹಾಡು ಕೇಳುವುದು ಕಡಿಮೆ, ಜಗಳ ಜಾಸ್ತಿ. ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್, ಸೂಜಿ ಕೂತಿರುವ ಕಾರ್ಟ್ರಿಡ್ಜ್ ಬಗ್ಗೆ ಬರೆಯುವ ವಿಮರ್ಶಕರನ್ನು ನಂಬಬೇಕಾ ಬೇಡವಾ ಎನ್ನುವ ಮಾತು ಬಂದರಂತೂ ರೆಕಾರ್ಡ್ ಮುಗಿದು ಸೂಜಿ ಒಳಗಿನ ಗ್ರೂವ್‌ನಲ್ಲಿ ಟಕ್ ಟಕ್ ಅನ್ನುತ್ತಿದ್ದರೂ ಯಾರೂ ಏಳುವುದಿಲ್ಲ.

ನಮ್ಮಲ್ಲಿ ಒಬ್ಬನಿಗೆ ಕಿವಿರಾಯ ಎಂದು ಹೆಸರು. ಕೇಬಲ್ ಬದಲಿಸಿದರೆ ಗಾಯಕಿ ಎಂಜಲು ನುಂಗಿದ್ದು ಕೇಳಿಸುತ್ತದೆ ಎನ್ನುವವನು. ಇನ್ನೊಬ್ಬ ಮೀಟರ್. ಗ್ರಾಫ್ ತೋರಿಸದಿದ್ದರೆ ಇವನು ನಿಮ್ಮ ಜ್ವರವನ್ನೂ ನಂಬುವುದಿಲ್ಲ. ಮೂರನೆಯವಳು ಲಾಯರಮ್ಮ. ಕೋರ್ಟ್ ಮೆಟ್ಟಿಲು ಹತ್ತಿದವಳಲ್ಲ, ಅಡ್ಡಪ್ರಶ್ನೆಗೆ ಬಂದ ಬಿರುದು ಅದು.

"ಹೊಸ ಫೋನೋ ಸ್ಟೇಜ್ ವಿಮರ್ಶೆ ಓದಿದ್ರಾ? ಸಂಗೀತದ ಮೇಲಿದ್ದ ಪರದೆ ಸರಿದ ಹಾಗಾಯಿತಂತೆ" ಎಂದ ಕಿವಿರಾಯ. ಫೋನೋ ಸ್ಟೇಜ್ ಅಂದರೆ ಕಾರ್ಟ್ರಿಡ್ಜಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಡಬ್ಬ.

"ಹೋದ ಸಲವೂ ಅದೇ ಮನುಷ್ಯನಿಗೆ ಪರದೆ ಸರಿದಿತ್ತು" ಎಂದಳು ಲಾಯರಮ್ಮ. "ಅದರ ಹಿಂದಿನ ಸಲವೂ. ಎಷ್ಟು ಎಳೆದರೂ ಮುಗಿಯದೆ ಇರೋದಕ್ಕೆ ಇದೇನು ದ್ರೌಪದಿ ಸೀರೆಯಾ? ಮತ್ತೆ ಅಡುಗೆಮನೆಯಲ್ಲಿದ್ದ ಹೆಂಡತಿಗೂ ವ್ಯತ್ಯಾಸ ಗೊತ್ತಾಯಿತು ಅಂತ ಬರೆದಿರಬೇಕಲ್ಲ?"

ಬರೆದಿದ್ದರು. ಕಿವಿರಾಯ ಮಾತು ಬದಲಿಸಿದ.

"ನೋಡಿ, ಅವರು ನೂರಾರು ಯಂತ್ರ ಕೇಳಿದವರು. ನಾವು ಕೇಳಿರೋದು ಎಷ್ಟು?"

"ಕೇಳಿದ್ದರಲ್ಲಿ ಕೆಟ್ಟದ್ದು ಎಷ್ಟು?" ಮೀಟರ್ ಬಾಯಿ ಹಾಕಿದ. "ಒಂದು ಬೈಗುಳದ ವಿಮರ್ಶೆ ತೋರಿಸು."

"ಇಷ್ಟವಾಗದ್ದನ್ನು ಸುಮ್ನೆ ವಾಪಸ್ ಕಳಿಸಿಬಿಡುತ್ತಾರೆ, ಪುಟ ಯಾಕೆ ಹಾಳು ಮಾಡಬೇಕು ಅಂತ."

ಈ ಉತ್ತರ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. ಓದುಗನಿಗೆ ಬೇಕಾಗಿದ್ದೇ ಆ ವಾಪಸ್ ಹೋದ ಡಬ್ಬಗಳ ಪಟ್ಟಿ ಅಲ್ವಾ? ಇಟ್ಟುಕೊಂಡ ಡಬ್ಬಗಳದ್ದಾದರೂ ಬೇರೆ ಕಥೆ. ಕೆಲವು ದೀರ್ಘಾವಧಿ ಸಾಲದ ಲೆಕ್ಕದಲ್ಲಿ ವಿಮರ್ಶಕನ ಮನೆಯಲ್ಲೇ ಉಳಿಯುತ್ತವೆ, ಕೆಲವನ್ನು ಅವನು ರಿಯಾಯಿತಿ ದರದಲ್ಲಿ ಕೊಳ್ಳುತ್ತಾನೆ. ನಮಗೆ ಪೂರ್ತಿ ಬೆಲೆ.

ಹಾಗಂತ ಎಲ್ಲರೂ ಮಾರಿಕೊಂಡವರು ಎನ್ನುವುದೂ ಅನ್ಯಾಯ. ಅಮೆರಿಕದ ವಿಮರ್ಶಕ ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ 'ಸ್ಟೀರಿಯೋಫೈಲ್' ಪತ್ರಿಕೆ ಶುರು ಮಾಡಿದ್ದೇ ಜಾಹೀರಾತುದಾರರ ಮುಲಾಜು ನೋಡಿ ಬೇಸತ್ತು. ಹ್ಯಾರಿ ಪಿಯರ್ಸನ್ 1973ರಲ್ಲಿ ತಂದ 'ದಿ ಆಬ್ಸಲ್ಯೂಟ್ ಸೌಂಡ್' ಕೂಡ ಮೊದಲಿಗೆ ಜಾಹೀರಾತಿಲ್ಲದ ಪತ್ರಿಕೆ. ಆಮೇಲೆ ಎರಡರಲ್ಲೂ ಜಾಹೀರಾತು ಬಂತು. ಪತ್ರಿಕೆ ನಡೆಯಬೇಕಲ್ಲ.

ಮೀಟರ್‌ಗೆ ಇದಕ್ಕಿಂತ ಪ್ರಿಯವಾದ ವಿಷಯ ಒಂದಿದೆ, ಟೆಕ್ನಿಕ್ಸ್ ಎಸ್‌ಎಲ್-1200. "1972ರ ಟರ್ನ್‌ಟೇಬಲ್. ಬೆಲ್ಟ್ ಡ್ರೈವ್ ಭಕ್ತರೆಲ್ಲ ಸೇರಿ, ಮೋಟರೇ ನೇರ ತಿರುಗಿಸೋ ಡೈರೆಕ್ಟ್ ಡ್ರೈವ್‌ಗೆ ಆತ್ಮವೇ ಇಲ್ಲ, ಡಿಜೆಗಳಿಗೆ ಲಾಯಕ್ಕು ಅಂತ ಮೂಲೆಗೆ ತಳ್ಳಿದರು. 2010ರಲ್ಲಿ ಕಂಪನಿಯೇ ನಿಲ್ಲಿಸಿತು. 2016ರಲ್ಲಿ ಹಲವು ಪಟ್ಟು ಬೆಲೆಗೆ ವಾಪಸ್ ತಂದ ಕೂಡಲೇ ಅದೇ ಬಳಗಕ್ಕೆ ಆತ್ಮ ಕಾಣಿಸಿತು!"

"ಮೋಟರ್ ಹೊಸದು ಮಾರಾಯ. ಕೋರ್‌ಲೆಸ್, ಅಂದರೆ ಕಬ್ಬಿಣದ ತಿರುಳಿಲ್ಲದ್ದು. ಹಳೆಯದರ ಹಾಗೆ ತಡೆದು ತಡೆದು ತಿರುಗುವುದಿಲ್ಲ."

"ಹಳೆಯ ಎಂಕೆ2 ಮಾದರಿಯ ಕೈಪಿಡಿಯಲ್ಲಿ ವೇಗದ ಏರಿಳಿತ, ಅದೇ ವೌ ಅಂಡ್ ಫ್ಲಟರ್, 0.025%. ಹೊಸ 1200ಜಿ ಕೈಪಿಡಿಯಲ್ಲಿ ಎಷ್ಟು ಹೇಳು? 0.025%."

"ಎಲ್ಲ ಕಾಗದದಲ್ಲಿ ಕಾಣಲ್ಲ" ಎಂದ ಕಿವಿರಾಯ.

"ಕಿವಿಯಲ್ಲಿ ಕಾಣುತ್ತಾ?" ಲಾಯರಮ್ಮ ಇದಕ್ಕೇ ಕಾಯುತ್ತಿದ್ದಳು. "2022ರಲ್ಲಿ ಏನಾಯಿತು?"

ಕಿವಿರಾಯ ನರಳಿದ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ರೆಕಾರ್ಡ್‌ಗಳು ಮೂಲ ಟೇಪಿನಿಂದ ನೇರವಾಗಿ ಕತ್ತರಿಸಿದ ಅಪ್ಪಟ ಅನಲಾಗ್ ಎಂದು ಎಲ್ಲರೂ ನಂಬಿಕೊಂಡಿದ್ದರು. ಫೀನಿಕ್ಸ್ ಊರಿನ ಒಬ್ಬ ರೆಕಾರ್ಡ್ ಅಂಗಡಿಯವನು ಅದನ್ನು ಕೆದಕಿ ವಿಡಿಯೋ ಮಾಡಿದ. ಆಮೇಲೆ ಕಂಪನಿಯ ಎಂಜಿನಿಯರ್‌ಗಳೇ ಒಪ್ಪಿಕೊಂಡರು: ಎಷ್ಟೋ ವರ್ಷದಿಂದ ನಡುವೆ ಡಿಎಸ್‌ಡಿ ಎಂಬ ಡಿಜಿಟಲ್ ಹಂತ ಇತ್ತು. ಕೇಸು ಬಿತ್ತು, ಕೊಂಡವರಿಗೆ ಹಣ ವಾಪಸ್ ಕೊಡುವ ಒಪ್ಪಂದವೂ ಆಯಿತು. ಡಿಜಿಟಲ್ ವಾಸನೆ ಬಂದರೆ ಹತ್ತು ಮಾರು ದೂರದಿಂದಲೇ ಹೇಳುತ್ತೇನೆ ಎನ್ನುತ್ತಿದ್ದ ಪಂಡಿತರು ಅಲ್ಲಿವರೆಗೆ ಆ ರೆಕಾರ್ಡ್‌ಗಳನ್ನು ಹೊಗಳುತ್ತಲೇ ಇದ್ದರು.

"ಅದು ರೆಕಾರ್ಡ್ ವಿಷಯ, ಯಂತ್ರದ್ದಲ್ಲ" ಎಂದ ಕಿವಿರಾಯ.

"ಯಂತ್ರ ಕೇಳೋಕೆ ಬೇರೆ ಕಿವಿ ಇಟ್ಟಿದ್ದಾರಾ?"

"ಕೇಳೋಕೆ ಚೆನ್ನಾಗಿತ್ತಲ್ಲ! ಚೆನ್ನಾಗಿದೆ ಅಂತ ಬರೆದರು. ಅದರಲ್ಲಿ ಸುಳ್ಳೇನು?"

ನನಗೆ ಇದು ಒಪ್ಪುವ ಮಾತೇ. ಅವರ ವಿಶೇಷಣಗಳನ್ನು ನಾನು ಹಾರಿಸಿ ಓದುತ್ತೇನೆ, ಕೆಲಸದ ಮಾತು ಬಿಡುವುದಿಲ್ಲ. ಕಾರ್ಟ್ರಿಡ್ಜ್ ಹೊರುವ ತೋಳು, ಅಂದರೆ ಟೋನ್‌ಆರ್ಮ್, ಯಾವುದಕ್ಕೆ ಕೂರಿಸಿದೆ, ಸೂಜಿಯ ಮೇಲೆ 1.8 ಗ್ರಾಂ ಇಟ್ಟೆಯಾ 2 ಗ್ರಾಂ ಇಟ್ಟೆಯಾ, ಫೋನೋ ಸ್ಟೇಜಿನ ರೋಧ, ಅಂದರೆ ಲೋಡ್, 100 ಓಮ್ ಕೊಟ್ಟೆಯಾ 47 ಕಿಲೋ ಓಮ್ ಕೊಟ್ಟೆಯಾ ಎಂದು ಬರೆಯದವನ ವಿಮರ್ಶೆ ನನ್ನ ಲೆಕ್ಕಕ್ಕೆ ಹರಕೆ ಪತ್ರ. ಆರ್ಮ್ ಭಾರಕ್ಕೂ ಕಾರ್ಟ್ರಿಡ್ಜಿನ ಮೃದುತನಕ್ಕೂ ಹೊಂದಿಕೆಯಾಗಿ ಅವುಗಳ ಅನುರಣನ 8ರಿಂದ 12 ಹರ್ಟ್ಜ್ ಒಳಗೆ ಬೀಳದೆ ಅದಕ್ಕಿಂತ ಕೆಳಗಿಳಿದರೆ, ಸ್ವಲ್ಪ ಸೊಟ್ಟಗಿರುವ ರೆಕಾರ್ಡಿಗೂ ಸ್ಪೀಕರಿನ ವೂಫರ್ ಕೋನ್ ಸದ್ದಿಲ್ಲದೆ ಒಳಗೆ ಹೊರಗೆ ಕುಣಿಯುತ್ತದೆ. ಇದನ್ನು ಹೇಳಿಕೊಡುವ ವಿಮರ್ಶಕನ ಕಿವಿ ಹೇಗಾದರೂ ಇರಲಿ, ಅವನ ಕೈಯನ್ನು ನಂಬಬಹುದು.

"ಅದಕ್ಕೇ ನಾನು ಅಳೆಯುವವರನ್ನು ಮಾತ್ರ ನಂಬೋದು. ಈ ತಿಂಗಳು ಕಾರ್ಟ್ರಿಡ್ಜ್ ತಗೊಂಡೆ, ಗ್ರಾಫ್ ನೋಡಿಯೇ" ಎಂದ ಮೀಟರ್, ಎದೆಯುಬ್ಬಿಸಿ.

"ಅವನು ಎಷ್ಟು ಪೀಸ್ ಅಳೆದ?" ಲಾಯರಮ್ಮ.

"ಒಂದು."

"ಕೈಯಲ್ಲಿ ತಂತಿ ಸುತ್ತಿ ಮಾಡೋ ವಸ್ತು ಅದು. ನಿನ್ನದು ಅದೇ ಪೀಸಾ?"

ಮೀಟರ್ ನೆಲ ನೋಡಿದ. ಕಿವಿರಾಯನ ಮುಖ ಅರಳಿತು. "ಸೌಂಡ್ ಹೇಗಿದೆ ಹೇಳು."

"ಈಗ ಸ್ವಲ್ಪ ಒರಟು. ಪಳಗೋಕೆ 50 ಗಂಟೆ ಬೇಕಂತೆ."

"ಯಾರಂತೆ?"

"ವಿಮರ್ಶಕ."

"ಗ್ರಾಫ್ ಇದೆಯಾ ಅದಕ್ಕೆ?"

"ಇಲ್ಲ, ಅದು... ಅನುಭವದ ಮಾತು."

"50 ಗಂಟೆ ಆದಮೇಲೂ ಒರಟಾಗೇ ಇದ್ದರೆ?" ಎಂದಳು ಲಾಯರಮ್ಮ.

ಮೀಟರ್‌ಗಿಂತ ಮೊದಲು ಕಿವಿರಾಯನೇ ಉತ್ತರಿಸಿದ. "ಕಿವಿ ಪಳಗಿಲ್ಲ ಅಂತ."